ತಮ್ಮನದಲ್ಲದ ಎದೆಬಡಿತ

ಆ ಶನಿವಾರ ಚರ್ಚಿನ ಹಾಲಿನಲ್ಲಿ ಹಾಡುಗಾರರ ಅಭ್ಯಾಸ ಮುಗಿದ ಮೇಲೆ ಗಂಡಸರೆಲ್ಲ ನನ್ನ ಮೇಜಿನ ಮುಂದೆ ಸಾಲುಗಟ್ಟಿದ್ದರು. ಟೊಂಗಾದ ಈ ಪುಟ್ಟ ದ್ವೀಪಕ್ಕೆ ನಾನೊಬ್ಬಳೇ ನರ್ಸ್. ರಾಜಧಾನಿಯಿಂದ ಬಂದ ಹೊಸ ಸಲಕರಣೆ ಬಿಸ್ಕತ್ತಿನಷ್ಟೇ ಅಗಲ. ಅದರ ಮೇಲೆ ಎರಡೂ ಕೈಯ ಬೆರಳಿಟ್ಟು ಅರ್ಧ ನಿಮಿಷ ಅಲ್ಲಾಡದೆ ಕೂತರೆ ಎದೆಬಡಿತದ ಗೆರೆ ನನ್ನ ಫೋನಿನಲ್ಲಿ ಮೂಡುತ್ತದೆ. ತಾಳ ತಪ್ಪುತ್ತಿದ್ದರೆ ಕೂಡಲೇ ತಿಳಿಯುತ್ತದೆ.

"ನರ್ಸಮ್ಮ, ನಂಗೆ ಹೃದಯಾನೇ ಇಲ್ಲ ಅಂತಾಳೆ ನನ್ನ ಹೆಂಡ್ತಿ. ಇದೆ ಅಂತ ಒಂದು ಚೀಟಿ ಬರ್ಕೊಡಿ," ಎಂದ ಪೌಲಿಯಾಸಿ. ಹಳೆಯ ರಗ್ಬಿ ಆಟಗಾರ.

"ಇದೆ ಕಣೋ. ನಿಮಿಷಕ್ಕೆ ಐವತ್ತೆರಡೇ ಸಲ ಹೊಡ್ಕೊಳ್ತಿದೆ. ನಿನ್ನಷ್ಟೇ ಸೋಮಾರಿ."

ಅವನ ಹಿಂದೆ ನಿಂತಿದ್ದವನು ನನ್ನ ತಮ್ಮ ಕಲಾಫಿ. ಅವನ ಸರದಿ ಬಂದೊಡನೆ ಸಲಕರಣೆ ಮೇಜಿನ ಮೇಲೇ ಬಿಟ್ಟು, ಫೋನು ಹಿಡಿದು ಪಕ್ಕದ ಅಡುಗೆಕೋಣೆಗೆ ಎದ್ದು ಹೋದೆ. ನಮ್ಮಲ್ಲಿ ದೊಡ್ಡವರಾದ ಮೇಲೆ ಅಕ್ಕ ತಮ್ಮ ಎದುರು ಬದುರು ಕೂತು ಮೈಯ ವಿಷಯ ಆಡುವುದುಂಟೇ? ಆದರೆ ಆ ಸಲಕರಣೆಯನ್ನು ಕಾಡಿ ಬೇಡಿ ತರಿಸಿದ್ದೇ ಅವನಿಗಾಗಿ. ನಮ್ಮಪ್ಪ ಐವತ್ತಕ್ಕೇ ಲಕ್ವ ಹೊಡೆದು ಹೋದವರು. ಕಲಾಫಿಗೆ ಈಗ ನಲವತ್ತೊಂಬತ್ತು. ಎಷ್ಟೋ ವಾರಗಳಿಂದ ಹಾಡಿನ ನಡುವೆ ಅವನ ಉಸಿರು ಮುರಿಯುವುದನ್ನು ಹೆಂಗಸರ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಫೋನಿನಲ್ಲಿ ಗೆರೆ ಮೂಡಿತು. ಐವತ್ತೆರಡು. ಅದೇ ನಿಧಾನ, ಅದೇ ಏರಿಳಿತ. ಹಾಲಿನಿಂದ ಪೌಲಿಯಾಸಿ ನಗು ತಡೆದುಕೊಳ್ಳುತ್ತಿದ್ದ ಸದ್ದು ಬೇರೆ. ಅಕ್ಕನ ಮುಂದೆ ಎದೆ ಬಿಚ್ಚಿಡಲು ನಾಚಿ, ಕಲಾಫಿ ಗೆಳೆಯ ಪೌಲಿಯಾಸಿಯ ಬೆರಳು ಇಡಿಸಿದ್ದ.

ಗೊತ್ತಿದ್ದೂ ಅವನ ಹೆಸರಿನ ಮುಂದೆ 'ಸರಿಯಾಗಿದೆ' ಎಂದು ಬರೆದೆ.

ಕೇಳಿದರೆ ನಾಲ್ಕು ಜನರ ಮುಂದೆ ಅವನ ಮರ್ಯಾದೆ ಹೋಗುತ್ತದೆ ಎಂದುಕೊಂಡೆ. ಅವನ ಹೆಂಡತಿ ಲೆಸಿಯೇಲಿಯ ಕಿವಿಗೆ ಹಾಕಿದ್ದರೆ ಸಾಕಿತ್ತು. ನಮ್ಮಲ್ಲಿ ಅಕ್ಕ ಒಂದು ಮಾತು ಹೇಳಿ ಕಳಿಸಿದರೆ ತಮ್ಮ ಇದ್ದ ಕೆಲಸ ಬಿಟ್ಟು ಬರುತ್ತಾನೆ. ಈ ಭಾನುವಾರ ಹೇಳೋಣ, ಬರುವ ಭಾನುವಾರ ಹೇಳೋಣ ಎನ್ನುತ್ತಲೇ ಐದು ಭಾನುವಾರ ಕಳೆದೆ. ಊರಿನ ಹೆಂಗಸರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು!

ಆರನೆಯ ವಾರ ಕಲಾಫಿ ಕೆಸುವಿನ ಗಡ್ಡೆ ಕೀಳುತ್ತಿದ್ದಾಗ ಬಿದ್ದ. ಬಲಗೈ, ಬಲಗಾಲು ಹೋದವು. ಮಾತೂ ನಿಂತಿತು.

"ಬಹಳ ದಿನದಿಂದ ಎದೆಬಡಿತ ಏರುಪೇರಾಗಿದೆ. ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿದೆ," ಎಂದರು ಪೇಟೆಯ ಆಸ್ಪತ್ರೆಯ ಡಾಕ್ಟರು. "ಮೊದಲೇ ಗೊತ್ತಾಗಿದ್ರೆ ರಕ್ತ ತೆಳುವಾಗೋ ಮಾತ್ರೆ ಕೊಡ್ಬಹುದಿತ್ತು. ಆದ್ರೆ ನಿಮ್ಮೂರಲ್ಲಿ ನೋಡಿದಾಗ ಸರಿಯಾಗಿತ್ತು ಅಂತ ಬರ್ದಿದೆಯಲ್ಲ?"

"ಹೌದು, ಬರ್ದಿದೆ," ಎಂದೆ. ಬರೆದವಳು ನಾನೇ ಎನ್ನದೆ ಎದ್ದು ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಬುದ್ಧಿ ಮೊದಲೇ ಇತ್ತು. ಅದಕ್ಕೇ ಹೊಟ್ಟೆ ಉರಿಯುತ್ತದೆ.

ಹೊರಗೆ ಲೆಸಿಯೇಲಿ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ.

"ಆವತ್ತು ಬೆರಳು ಇಟ್ಟೋನು ಕಲಾಫಿ ಅಲ್ಲ ಕಣೇ. ನಂಗೆ ಆಗಲೇ ಗೊತ್ತಿತ್ತು."

ಅವಳು ಬೆಚ್ಚಲಿಲ್ಲ. "ನಿಮಗೆ ಗೊತ್ತಾಗುತ್ತೆ ಅಂತ ಅವ್ರಿಗೂ ಗೊತ್ತಿತ್ತು, ಅತ್ತಿಗೆ. ಮನೆಗೆ ಬಂದು ನಗ್ತಾ ನಗ್ತಾ ಹೇಳಿದ್ರು. ಎದೆ ಹಾರ್ಕೊಳ್ತಿತ್ತು ಅವ್ರಿಗೆ. ಹೋಗಿ ನಿಜವಾಗ್ಲೂ ತೋರಿಸ್ಕೊಳ್ಳಿ ಅಂತ ದಿನಾ ಗೋಗರೆದೆ."

"ಏನಂದ?"

"'ಅಕ್ಕ ನನ್ನ ಹಾಡು ಕೇಳ್ತಾಳೆ, ಅವಳಿಗೆಲ್ಲ ಗೊತ್ತಾಗುತ್ತೆ. ಭಯ ಪಡೋ ಅಂಥದ್ದಿದ್ರೆ ಬಾ ಅಂತ ಹೇಳಿ ಕಳಿಸ್ತಾಳೆ, ಆಗ ಹೋಗ್ತೀನಿ' ಅಂದ್ರು." ಲೆಸಿಯೇಲಿ ಮುಖ ಒರೆಸಿಕೊಂಡಳು. "ಪ್ರತಿ ಭಾನುವಾರ ಚರ್ಚಿಂದ ಬಂದು ಕೇಳೋರು, ಅಕ್ಕ ಏನಾದ್ರೂ ಹೇಳಿದ್ಲಾ ಅಂತ. ಇಲ್ಲ ಅಂತಿದ್ದೆ. ಸದ್ಯ, ಹಾಗಾದ್ರೆ ಏನೂ ಇಲ್ಲ ಅಂತ ನೆಮ್ಮದಿಯಾಗಿ ಊಟಕ್ಕೆ ಕೂರೋರು."