ಮೊದಲ ಬಾವುಟದ ಹೊಲಿಗೆ

"ಮುಟ್ಟಬೇಡಿ ಅಮ್ಮಾ, ನೋಡಿದ್ರೆ ಸಾಕು," ಎಂದಳು ತಜ್ಞೆ.

ಮುದುಕಿ ಚಾಚಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ, ಉದ್ದನೆಯ ಮೇಜಿನ ಮೇಲೆ, ದೇಶದ ಮೊದಲ ಬಾವುಟ ಅಂಗಾತ ಮಲಗಿತ್ತು. ಮೇಲೆ ನೀಲಿ, ನಡುವೆ ಬಿಳಿ, ಕೆಳಗೆ ಕೆಂಪು. ಐವತ್ತು ವರ್ಷ ಗಾಜಿನ ಹಿಂದಿದ್ದು ಕೆಂಪು ಈಗ ಹಳೆಯ ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ಹಳೆಯ ಬಟ್ಟೆಗಳನ್ನು ಜೋಪಾನ ಮಾಡುವ ಆ ತಜ್ಞೆ ಭೂತಗನ್ನಡಿಯನ್ನು ಅಂಚಿನ ಮೇಲೆ ಹಿಡಿದು ಮುದುಕಿಗೆ ಬಾಗಿ ನೋಡಲು ಹೇಳಿದಳು.

ಊರಿಗೆಲ್ಲ ಅವಳು ಬಾವುಟದಮ್ಮ. ಆ ಬಾವುಟ ಹೊಲಿದ ದರ್ಜಿಯ ಹೆಂಡತಿ. ಗಂಡ ತೀರಿಕೊಂಡ ಮೇಲೂ ವರ್ಷಕ್ಕೆ ಹತ್ತಾರು ಶಾಲೆಗಳ ಮಕ್ಕಳು ಮನೆಗೆ ಬಂದು, ಕರ್ಫ್ಯೂ ಹಾಕಿದ್ದ ಎರಡು ದಿನ ದರ್ಜಿ ಕಿಟಕಿ ಮುಚ್ಚಿಕೊಂಡು ಬಾವುಟ ಹೊಲಿದ ಕಥೆ ಕೇಳಿಕೊಂಡು ಹೋಗುತ್ತಿದ್ದರು. ಮುಖ್ಯೋಪಾಧ್ಯಾಯನಾಗಿದ್ದ ಮಗ ಅದನ್ನೇ ಪಾಠ ಮಾಡಿ ಬರೆದಿದ್ದ. ನೀಲಿಯೆಂದರೆ ಆಕಾಶ, ಕೆಂಪೆಂದರೆ ಹುತಾತ್ಮರ ರಕ್ತ. ಬಿಳಿಯ ಪಟ್ಟಿ ಮಿಕ್ಕೆರಡಕ್ಕಿಂತ ಕಿರಿದಾಗಿರುವುದು ಏಕೆಂದರೆ ಶಾಂತಿ ಬಲು ನಾಜೂಕು, ಅದನ್ನು ಎರಡೂ ಕಡೆಯಿಂದ ಕಾಯಬೇಕು. ನಾಲ್ಕನೆಯ ತರಗತಿಯ ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಿದ್ದರು.

"ಹೊಲಿಗೆ ಯಾವ ಕಡೆಗೆ ವಾಲಿದೆ ನೋಡಿ," ಎಂದಳು ತಜ್ಞೆ. "ಇದನ್ನ ಹೊಲಿದವರು ಎಡಗೈಯವರು."

ಸಂಗ್ರಹಾಲಯದ ಅಧಿಕಾರಿ ನಡುವೆ ಬಾಯಿ ಹಾಕಿ, ಇದೇನು ದೊಡ್ಡ ವಿಷಯವಲ್ಲ ಎಂದು ಸಮಾಧಾನದ ದನಿಯಲ್ಲಿ ವಿವರಿಸಿದ. ದರ್ಜಿಯ ಎಲ್ಲ ಫೋಟೋಗಳಲ್ಲೂ ಕತ್ತರಿ ಬಲಗೈಯಲ್ಲೇ ಇದೆ. ಶುಕ್ರವಾರ ಮಂತ್ರಿಗಳು ಹೊಸ ಗಾಜಿನ ಪೆಟ್ಟಿಗೆಯನ್ನು ಉದ್ಘಾಟಿಸುವವರಿದ್ದಾರೆ. ಅಷ್ಟರೊಳಗೆ ಪತ್ರಿಕೆಯವರು ಇದನ್ನು ಹಿಡಿದು ಎಳೆದಾಡಬಾರದು. ದರ್ಜಿ ಎರಡೂ ಕೈಯಲ್ಲಿ ಹೊಲಿಯುತ್ತಿದ್ದರು ಎಂದು ಅವರ ಹೆಂಡತಿ ಒಂದು ಸಾಲು ಬರೆದುಕೊಟ್ಟರೆ ಕಡತ ಮುಚ್ಚಬಹುದು. ಆ ಒಂದು ಸಾಲು ಆಗಲೇ ಟೈಪಾಗಿತ್ತು. ಜೊತೆಗೆ ಬಂದಿದ್ದ ಮಗ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅಮ್ಮನ ಮುಂದೆ ಹಿಡಿದ.

ಕನ್ನಡಕ ತಂದಿಲ್ಲ, ನಾಳೆ ಬರುತ್ತೇನೆ ಎಂದಳು ಮುದುಕಿ. ಕನ್ನಡಕ ಅವಳ ಚೀಲದಲ್ಲೇ ಇತ್ತು.

ಮನೆಯ ಬಾಗಿಲ ಹತ್ತಿರ ಬಂದಾಗ ಮಗ, ಅಪ್ಪ ಎಡಗೈಯಲ್ಲಿ ಹೊಲಿದದ್ದನ್ನು ನೀನು ಒಂದು ಸಲವೂ ನೋಡಿಲ್ಲವೇ ಎಂದು ಕೇಳಿದ. ನಾಳೆ ಮಾತಾಡೋಣ ಎಂದು ಅವಳು ಒಳಗೆ ಹೋದಳು.

ಆ ಮನೆಯಲ್ಲಿ ಎಡಗೈಯವಳಿದ್ದದ್ದು ಒಬ್ಬಳೇ, ಗಂಡನ ತಂಗಿ. ಅಣ್ಣ ಅವಳನ್ನು ಕರೆಯುತ್ತಿದ್ದದ್ದೇ ಎಡಚಿ ಎಂದು. ಹೊಲಿಗೆ ಯಂತ್ರದ ಸದ್ದು ಬೀದಿಯಲ್ಲಿ ಅಡ್ಡಾಡುತ್ತಿದ್ದ ಸಿಪಾಯಿಗಳಿಗೆ ಕೇಳುತ್ತದೆಂದು ಆ ಎರಡು ದಿನ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕೈಯಲ್ಲೇ ಹೊಲಿದಳು. ಅತ್ತಿಗೆ ದಾರ ಪೋಣಿಸಿ ಕೊಟ್ಟಳು. ಅಣ್ಣ ಕಿಟಕಿಯ ಸಂದಿಗೆ ಕಣ್ಣಿಟ್ಟು ನಿಂತಿದ್ದ. ಅಂಗಡಿಗಳೆಲ್ಲ ಮುಚ್ಚಿದ್ದವು, ನೀಲಿ ಹೇಗೋ ಮನೆಯಲ್ಲಿತ್ತು. ಬಿಳಿಗೆ ಹಾಸಿಗೆಯ ಹೊದಿಕೆ ಕತ್ತರಿಸಿದರು. ಅದು ನಾಲ್ಕು ಬೆರಳು ಸಾಲದೆ ಹೋಯಿತು. ಕೆಂಪು ಎಲ್ಲೂ ಸಿಗಲಿಲ್ಲ. ಕೊನೆಗೆ ಎಡಚಿ ಎದ್ದು ಹೋಗಿ ತನ್ನ ಹಳೆಯ ಲಂಗ ತಂದಳು. ಇನ್ನು ನನ್ನ ಲಂಗಕ್ಕೆ ಇಡೀ ದೇಶ ಸಲ್ಯೂಟ್ ಹೊಡೆಯುತ್ತದೆ ಎಂದಾಗ ಮೂವರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ದರು.

ಬಾವುಟವನ್ನು ಹೊಟ್ಟೆಗೆ ಸುತ್ತಿಕೊಂಡು, ಮೇಲೆ ಅಂಗಿ ಹಾಕಿ, ಸಿಪಾಯಿಗಳ ನಡುವೆಯೇ ನಡೆದುಹೋಗಿ ಕಂಬಕ್ಕೆ ಏರಿಸಿದವನು ಅಣ್ಣ. ಆ ಧೈರ್ಯ ಅವನದೇ, ಅದರಲ್ಲಿ ಸುಳ್ಳಿರಲಿಲ್ಲ. ದೇಶ ಸ್ವತಂತ್ರವಾದ ಎರಡನೆಯ ವರ್ಷ ಗಿರಣಿಯ ಮುಷ್ಕರದಲ್ಲಿ ಎಡಚಿ ಮುಂದೆ ನಿಂತಳು. ಹೊಸ ಸರ್ಕಾರವೇ ಅವಳನ್ನು ಜೈಲಿಗೆ ಹಾಕಿತು. ಅದೇ ವಾರ ಪತ್ರಿಕೆಯವನೊಬ್ಬ ಬಂದು ಬಾವುಟ ಹೊಲಿದವರು ಯಾರೆಂದು ಕೇಳಿದ. ಗಂಡ ಮನೆಯಲ್ಲಿರಲಿಲ್ಲ. ಮಗು ತೊಡೆಯ ಮೇಲಿತ್ತು. ನಮ್ಮ ಯಜಮಾನರು ಎಂದು ಹೇಳಿದವಳು ಅತ್ತಿಗೆಯೇ. ಗಂಡ ಪತ್ರಿಕೆ ಓದಿ, ಮಡಿಚಿಟ್ಟು, ಸಾಯುವವರೆಗೂ ಆ ಮಾತೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎರಡು ಬಸ್ಸು ಬದಲಿಸಿ ನಾದಿನಿಯ ಮನೆಗೆ ಹೋದಳು. ಹದಿನಾರು ವರ್ಷದಿಂದ ಹೋಗಿರಲಿಲ್ಲ. ಲಾಂಡ್ರಿಯ ಹಿಂದಿನ ಒಂದೇ ಕೋಣೆ; ಗೋಡೆಯಾಚೆಯ ಇಸ್ತ್ರಿಯ ಹಬೆಗೆ ಕಿಟಕಿಯ ಗಾಜು ಬೆವರಿತ್ತು. ನಾದಿನಿ ಕುರ್ಚಿ ತೋರಿಸಿದಳು, ತಾನು ನಿಂತೇ ಇದ್ದಳು. ಎಲ್ಲ ಕೇಳಿದ ಮೇಲೆ ಹೇಳಿದಳು:

"ಸಹಿ ಹಾಕು ಅತ್ತಿಗೆ. ಅಣ್ಣನೇ ಹೊಲಿದ ಅನ್ನು."

"ನಿನ್ನ ಕೈಕೆಲಸ ಅದು."

"ಜೈಲಿನ ಬಾಗಿಲ ಮೇಲೂ ಅದೇ ಹಾರ್ತಿತ್ತು. ನನ್ನ ಒಳಗೆ ದೂಡೋವಾಗ ತಲೆ ಎತ್ತಿ ನೋಡ್ದೆ. ಯಾರೋ ಯಂತ್ರದಲ್ಲಿ ಹೊಲಿದಿದ್ರು, ಅಂಚು ಸುಕ್ಕಾಗಿತ್ತು. ಅಷ್ಟೇ ನನಗೂ ಅದಕ್ಕೂ ಇದ್ದ ನಂಟು. ಈಗ ನನ್ನ ಹೆಸರು ಅದರ ಪಕ್ಕ ಬರೋದು ಬೇಡ."

ಮುದುಕಿಗೆ ಇದು ಹೊಳೆದೇ ಇರಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಒಪ್ಪುತ್ತಾಳೆ ಎಂದೆಲ್ಲ ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದಳು. ಚೀಲ ಎತ್ತಿಕೊಂಡು ಎದ್ದು ನಿಂತಳು. ನಾದಿನಿ ಬಾಗಿಲು ತೆಗೆದು ಹಿಡಿದಳು.

ಮಧ್ಯಾಹ್ನ ಅಧಿಕಾರಿಯ ಕೋಣೆಯಲ್ಲಿ ಕಾಗದ ಅದೇ ಜಾಗದಲ್ಲಿ ಕಾಯುತ್ತಿತ್ತು. ಈ ಸಲ ಕನ್ನಡಕ ಹಾಕಿಕೊಂಡು ಅವಳು ಆ ಸಾಲನ್ನು ಎರಡು ಸಲ ಓದಿದಳು. ಮಗ ಕೈಗಡಿಯಾರ ನೋಡಿಕೊಂಡ. ಸಹಿ ಹಾಕಿದರೆ ಯಾರಿಗೂ ನೋವಿಲ್ಲ, ನಾದಿನಿಗೂ ಇಲ್ಲ. ಪೆನ್ನು ಕೈಗೆ ತೆಗೆದುಕೊಂಡದ್ದೂ ಆಯಿತು. ಪೆನ್ನಿನ ತುದಿ ಕಾಗದದ ಮೇಲೆ ಒಂದು ಚುಕ್ಕೆ ಇಟ್ಟಿತು. ಅವಳು ಪೆನ್ನನ್ನು ಕೆಳಗಿಟ್ಟಳು.

"ಹೊಲಿದಿದ್ದು ಅವರಲ್ಲ. ಅವರ ತಂಗಿ. ಅವರು ಕಾವಲಿದ್ರು, ಆಮೇಲೆ ಹೊತ್ಕೊಂಡು ಹೋದ್ರು. ಸುಳ್ಳು ಹೇಳಿದ್ದು ನಾನು."

ಜೈಲಿಗೆ ಹೋಗಿದ್ದ ಆ ತಂಗಿಯೇ ಎಂದು ಅಧಿಕಾರಿ ತಗ್ಗಿದ ದನಿಯಲ್ಲಿ ಕೇಳಿದ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ವಯಸ್ಸಾದವರ ನೆನಪನ್ನು ಪುರಾವೆಯೆಂದು ತೆಗೆದುಕೊಳ್ಳಲಾಗದು ಎಂದ. ಆಕೆಯನ್ನು ಕರೆಸಿ ಒಂದು ಗೇಣು ಹೊಲಿಸಿದರೆ ತಾಳೆ ನೋಡಬಹುದು ಎಂದಳು ಅಲ್ಲೇ ಕೂತಿದ್ದ ತಜ್ಞೆ. ಅವಳು ಬರುವುದಿಲ್ಲ ಎಂದಳು ಮುದುಕಿ.

ಮಗ ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ.

"ಇಪ್ಪತ್ತು ವರ್ಷದಿಂದ ಮಕ್ಕಳ ಮುಂದೆ ನಿಂತು ಹೇಳ್ಕೊಂಡು ಬಂದಿದ್ದೀನಲ್ಲಮ್ಮ."

"ನಿನಗೆ ಹೇಳ್ಕೊಟ್ಟಿದ್ದು ನಾನೇ ಅಲ್ವೇನೋ."

ಅವನು ಮೆಟ್ಟಿಲಿಳಿದು ಹೋಗಿಬಿಟ್ಟ.

ಶುಕ್ರವಾರ ಸಮಾರಂಭ ನಡೆಯಿತು. ಅವಳಿಗೆ ಕರೆ ಬರಲಿಲ್ಲ. ಭಾನುವಾರ ಎಲ್ಲರಂತೆ ಸಾಲಿನಲ್ಲಿ ನಿಂತು ನೋಡಿದಳು. ಗಾಜಿನ ಕೆಳಗೆ ಸಣ್ಣ ಫಲಕ: ಏರಿಸಿದವರು ಎಂದಿದ್ದ ಕಡೆ ಗಂಡನ ಹೆಸರಿತ್ತು. ಹೊಲಿದವರು ಎಂದಿದ್ದ ಕಡೆ, ಖಚಿತ ಮಾಹಿತಿ ಇಲ್ಲ. ಹಿಂದಿದ್ದವರು ಮುಂದೆ ಸಾಗಿ ಎನ್ನುವವರೆಗೂ ಅವಳು ಅದನ್ನೇ ನೋಡುತ್ತ ನಿಂತಿದ್ದಳು. ಶಾಲೆಯ ಮಕ್ಕಳು ಬರುವುದು ನಿಂತಿತು. ಮಗ ತಿಂಗಳ ಮಟ್ಟಿಗೆ ಮನೆಯ ಕಡೆ ಸುಳಿಯಲಿಲ್ಲ. ಪಾಠವನ್ನು ಬದಲಿಸುತ್ತಿದ್ದಾನೆಂದು ಸೊಸೆ ಫೋನಿನಲ್ಲಿ ಹೇಳಿದಳು.

ಮುದುಕಿ ಮತ್ತೆ ಎರಡು ಬಸ್ಸು ಹಿಡಿದಳು. ನಾದಿನಿ ಬಾಗಿಲು ತೆಗೆದು, ಅಡ್ಡ ನಿಂತೇ ನೋಡಿದಳು.

"ಹೇಳ್ಬೇಡ ಅಂದಿದ್ನಲ್ಲ."

"ನಿನಗೋಸ್ಕರ ಹೇಳಿದ್ದಲ್ಲ ಕಣೆ."

ನಾದಿನಿ ಬಾಗಿಲಿನಿಂದ ಸರಿದು ಒಳಗೆ ಹೋದಳು, ಬಾ ಎನ್ನಲಿಲ್ಲ. ಮುದುಕಿ ಚಪ್ಪಲಿ ಬಿಟ್ಟು ಹಿಂದೆಯೇ ಹೋದಳು. ಒಲೆಯ ಮೇಲೆ ಹಾಲಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಕೆನೆ ಮೆಲ್ಲಗೆ ಉಬ್ಬಿ ಪಾತ್ರೆಯ ಬಾಯಿಗೆ ಬಂದಾಗ ಇಳಿಸಲೆಂದು ಇಬ್ಬರೂ ಒಟ್ಟಿಗೇ ಕೈ ಚಾಚಿದರು.