ಹವಾಲ್ದಾರರ ಸುತ್ತಿಗೆ

ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಶಂಕ್ರೆಪ್ಪನ ಅಂಗಡಿ ಎಂದರೆ ಒಂದು ತಗಡಿನ ಮಾಡು, ಅದರ ಕೆಳಗೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳ ಬಿಚ್ಚಿಟ್ಟ ಭಾಗಗಳು. ನವರಾತ್ರಿಗೆ ಹತ್ತು ದಿನ ಇರುವಾಗ ಮಾನಪ್ಪ ಹೆಂಡತಿ ದ್ರೌಪದಿಯನ್ನು ಕರೆದುಕೊಂಡು, ಡೊಂಬಿವಲಿಯಿಂದ ಬಸ್ಸು ಹಿಡಿದು ಇಲ್ಲಿಗೆ ಬರುವುದು ಹದಿನೈದು ವರ್ಷದ ರೂಢಿ. ಡೊಂಬಿವಲಿಯ ಕನ್ನಡ ಸಂಘದ ಬಳಿ ಹಳೆಯದೊಂದು ಮಿಲಿಟರಿ ಟ್ರೇಲರ್ ಇತ್ತು. ಎರಡು ಚಕ್ರದ್ದು, ಒಂದು ಟನ್ ಸಾಮಾನು ಹೊರುವಂಥದ್ದು. ವಿಜಯದಶಮಿಯ ದಿನ ಅದರ ಮೇಲೆ ಶಾರದೆಯ ಮೂರ್ತಿಯನ್ನಿಟ್ಟು, ಸುತ್ತ ವೇಷ ಹಾಕಿದ ಮಕ್ಕಳನ್ನು ಕೂರಿಸಿ, ಜೀಪಿಗೆ ಕಟ್ಟಿ, ರೈಲ್ವೆ ಸೇತುವೆ ದಾಟಿಸಿ, ಮೂರ್ತಿಯನ್ನು ನೀರಿಗೆ ಬಿಡಲು ಖಾಡಿಗೆ, ಎಂದರೆ ಸಮುದ್ರದ ಹಿನ್ನೀರಿಗೆ, ಒಯ್ಯುತ್ತಿದ್ದರು. ಫೌಜಿನ ವರ್ಕ್‌ಶಾಪಿನಲ್ಲಿ ಹವಾಲ್ದಾರನಾಗಿ ನಿವೃತ್ತನಾದ ಮಾನಪ್ಪನೇ ಅದರ ವೈದ್ಯ.

ಈ ಸಲ ಬೇಕಾಗಿದ್ದು ಎಡ ಚಕ್ರದ ಬೇರಿಂಗು, ಮತ್ತೊಂದು ಬಳೆ. ಬಳೆ ಎಂದರೆ ಟ್ರೇಲರಿನ ಮೂತಿಯಲ್ಲಿರುವ ದಪ್ಪ ಉಕ್ಕಿನ ಉಂಗುರ. ಜೀಪಿನ ಹಿಂದಿನ ಕೊಕ್ಕೆಗೆ ಅದನ್ನು ಸಿಕ್ಕಿಸಿದರೆ ಮುಗಿಯಿತು, ಇಡೀ ಗಾಡಿಯನ್ನು ಹಿಡಿದಿಡುವುದು ಅದೊಂದೇ. ಗಾಡಿಯಲ್ಲಿದ್ದ ಬಳೆ ಹಳೆಯದಾಯಿತು, ಜೊತೆಗೊಂದು ಇರಲಿ ಎಂದು ಮಾನಪ್ಪನ ಲೆಕ್ಕ.

ಹಳೆಯ ಬೇರಿಂಗಿನ ಮೇಲಿನ ನಂಬರನ್ನು ಭೂತಗನ್ನಡಿಯಲ್ಲಿ ಓದಿ, ಅಂಥದ್ದೇ ಒಂದನ್ನು ಅವನು ಹುಡುಕಿ ತೆಗೆದ. ಬಳೆ ಮಾತ್ರ ಅಂಗಡಿಯಲ್ಲಿ ಒಂದೇ ಒಂದಿತ್ತು. ಅದನ್ನು ಹಗ್ಗಕ್ಕೆ ತೂಗುಬಿಟ್ಟು, ಚೀಲದಿಂದ ಸಣ್ಣ ಸುತ್ತಿಗೆ ತೆಗೆದು ತಟ್ಟಿ, ತಲೆ ಓರೆ ಮಾಡಿ ಕೇಳಿದ. ಉಕ್ಕು ಗಟ್ಟಿಯಿದ್ದರೆ ಗಂಟೆಯ ಹಾಗೆ ನಾದ ಬರುತ್ತದೆ, ಒಳಗೆ ಸೀಳಿದ್ದರೆ ಬರುವುದಿಲ್ಲ. ಅದನ್ನು ಕೇಳಿ ಹೇಳುವುದರಲ್ಲಿ ಅವನಿಗೆ ಇಡೀ ಪಲ್ಟನ್ನಿನಲ್ಲಿ ಹೆಸರಿತ್ತು.

"ಛಲೋ ಐತಿ. ಗಂಟಿ ಹೊಡದಂಗ," ಅಂದ.

ದ್ರೌಪದಿಗೆ ಕೇಳಿಸಿದ್ದು ಬಿರುಕು ಬಿಟ್ಟ ಗಡಿಗೆಯ ಸದ್ದು. ಪೆಟ್ ಅಂತ, ಅಷ್ಟೇ.

ಶಂಕ್ರೆಪ್ಪ ಅವಳ ಮುಖ ನೋಡಿದ. ಆಮೇಲೆ ಬಳೆಯನ್ನು ಹಗ್ಗದಿಂದ ಬಿಚ್ಚಿ, "ಇದು ಮಾರೋದಲ್ರಿ ಹವಾಲ್ದಾರ್ರ. ನಾಶಿಕದವರು ಹಿಡಿದಿಟ್ಟಾರ," ಎಂದು ಗಟ್ಟಿಯಾಗಿ ಹೇಳಿ, ಮಾನಪ್ಪನನ್ನು ಟಯರು ನೋಡಲು ಹಿಂದುಗಡೆ ಕಳಿಸಿದ. ದ್ರೌಪದಿಗೆ ಸ್ಟೂಲು ಎಳೆದುಕೊಟ್ಟು, ಅದರ ಮೇಲಿನ ಗ್ರೀಸನ್ನು ತನ್ನ ಹೆಗಲ ವಸ್ತ್ರದಿಂದಲೇ ಒರೆಸಿ, ಚಹಾ ತರಿಸಿದ.

"ಅಕ್ಕಾರ, ಆ ಬಳಿ ಸೀಳೇತಿ. ಸಾಹೇಬ್ರಿಗೆ ಕೇಳಲಿಲ್ಲ."

"ಪ್ಯಾಟ್ಯಾಗ ಗದ್ದಲ ಭಾಳ," ಅಂದಳು ದ್ರೌಪದಿ.

"ಗದ್ದಲ ಇಪ್ಪತ್ತು ವರ್ಷದಿಂದ ಐತ್ರಿ."

ಅವಳು ಚಹಾ ಕುಡಿದಳು. ಬಾಯಿ ಸುಟ್ಟದ್ದೂ ಗೊತ್ತಾಗಲಿಲ್ಲ.

ಗೊತ್ತಿಲ್ಲದ ವಿಷಯವೇನಲ್ಲ. ಮೂರು ವರ್ಷದಿಂದ ಅವಳು ಗಂಡನ ಕಿವಿಯಾಗಿದ್ದಳು. ಬೆಲ್ಲು ಬಾರಿಸಿದರೆ ತಾನೇ ಮೊದಲು ಎದ್ದು ಹೋಗುತ್ತಿದ್ದಳು. ಯಾರಾದರೂ ಸಕ್ಕರೆ ಹಾಕಲೇ ಎಂದು ಕೇಳಿದರೆ, "ನಿಮಗ ಸಕ್ರಿ ಬೇಕೇನ್ರಿ?" ಎಂದು ಅವನ ಮುಖಕ್ಕೆ ಮುಖ ಕೊಟ್ಟು ತಾನೇ ಕೇಳಿದಂತೆ ಮಾಡುತ್ತಿದ್ದಳು. ಮೊದಮೊದಲು ಅವನೂ, "ಪ್ರತಿವರ್ಷ ಬಣ್ಣ ಬಳದು ಬಳದು ಬಳಿ ದನಿ ಕುಂದೇತಿ," ಎನ್ನುತ್ತಿದ್ದ. ಆಯುಧಪೂಜೆಗೆ ಸಂಘದವರು ಆ ಗಾಡಿಯ ಮೈತುಂಬ, ಬಳೆಗೂ ಬಿಡದೆ, ಹಸಿರು ಬಣ್ಣ ಹಚ್ಚುವುದು ನಿಜವೇ ಆಗಿತ್ತು. ಆದ್ದರಿಂದ ಅವಳೂ ಹೌದೆಂದಿದ್ದಳು. ಬಸ್ಸಿನಲ್ಲಿ ಮರಳುವಾಗ ಹೇಳಿಬಿಡಬೇಕೆಂದುಕೊಂಡಳು. ಆದರೆ ಅವನು ಹೊಸ ಬೇರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ತಲೆ ಸವರುವಂತೆ ಸವರುತ್ತ ಕೂತಿದ್ದ. ಶಿಳಫಾಟಾ ಬಂತು, ಡೊಂಬಿವಲಿ ಬಂತು. ಹೇಳಲಿಲ್ಲ. ಗಾಡಿಯಲ್ಲಿರುವ ಬಳೆ ಗಟ್ಟಿಯಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ವಿಜಯದಶಮಿಯ ಮಧ್ಯಾಹ್ನ ಸಂಘದ ಅಂಗಳದಲ್ಲಿ ಟ್ರೇಲರ್ ಚೆಂಡುಹೂವಿನ ಮಾಲೆ ತೊಟ್ಟು ನಿಂತಿತ್ತು. ಹಿಂದಿನ ದಿನ ಹಚ್ಚಿದ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಮೂರ್ತಿಯನ್ನು ಏರಿಸಿಯಾಗಿತ್ತು. ಸರಸ್ವತಿ, ಲಕ್ಷ್ಮಿ, ಒನಕೆ ಹಿಡಿದ ಓಬವ್ವ, ಎಲ್ಲ ಸೇರಿ ಹನ್ನೊಂದು ಮಕ್ಕಳು ಸಾಲಾಗಿ ನಿಂತಿದ್ದರು. ಸಂಘದ ಅಧ್ಯಕ್ಷ, ಉಡುಪಿ ಕಡೆಯ ಹೋಟೆಲಿನವನು ವಸಂತಕುಮಾರ, ಡೋಲಿನವರಿಗೆ ಕೈಸನ್ನೆ ಮಾಡಿ ನಿಲ್ಲಿಸಿದ.

"ಹವಾಲ್ದಾರ್ರೇ, ನಿಮ್ಮ ಸುತ್ತಿಗೆ ಆಗ್ಲಿ."

ಎಲ್ಲರೂ ಸುಮ್ಮನಾದರು. ಮಾನಪ್ಪ ಬಗ್ಗಿ ಕುಂಕುಮ ಹಚ್ಚಿದ ಬಳೆಯನ್ನು ತಟ್ಟಿದ.

ಪೆಟ್.

 ಗಂಡ ಇನ್ನೊಮ್ಮೆ ತಟ್ಟಲಿ ಎಂದು ದ್ರೌಪದಿ ಕಾದಳು.

"ಛಲೋ ಐತಿ!" ಅಂದ ಮಾನಪ್ಪ.

"ಸರ್ಟಿಫಿಕೇಟ್ ಸಿಕ್ಕಿತು ಮಾರಾಯ್ರೆ! ಹತ್ತಿಸಿ, ಮಕ್ಕಳನ್ನು ಹತ್ತಿಸಿ," ಅಂದ ವಸಂತಕುಮಾರ.

ಅಧ್ಯಕ್ಷನ ಹೆಂಡತಿ ಜಯಲತಾ ಮಕ್ಕಳಿಗೆ ಕಬ್ಬಿಣ ಒತ್ತದಿರಲೆಂದು ಹಳೆಯ ಬೆಡ್‌ಶೀಟ್ ಮಡಿಸಿ ಹಾಸುತ್ತಿದ್ದಳು. ಅವಳ ಮೊಮ್ಮಗಳು, ಸರಸ್ವತಿ ವೇಷದ ಅಶ್ಮಿತಾ, ಆಗಲೇ ಹತ್ತಿ ಕೂತಿದ್ದಳು.

"ಜಯಲತಾ ಅವರ, ಈ ಸಲ ಹುಡುಗ್ರು ನಡಕೋತ ಬರ್ಲಿ," ಅಂದಳು ದ್ರೌಪದಿ.

"ಎಂತಕ್ಕ? ಈ ಬಿಸಿಲಲ್ಲಿ ಕಾಲು ಸುಡುದಿಲ್ವಾ ಮಕ್ಕಳಿಗೆ?"

"ಆಜೀ, ಮೈ ತೋ ಯಹೀಂ ಬೈಠೂಂಗೀ," ಎಂದು ಅಶ್ಮಿತಾ, ತಾನು ಇಲ್ಲೇ ಕೂರುವುದೆಂದು ಅಜ್ಜಿಯೆದುರು ಹಟ ಹಿಡಿದು, ವೀಣೆ ಅಪ್ಪಿಕೊಂಡಳು.

"ನಿಮ್ಮ ಮಂಡಿ ನೋವು ನಂಗೆ ಗೊತ್ತಿಲ್ವಾ? ನೀವೂ ಕೂತ್ಕೊಳ್ಳಿ ಅಕ್ಕ. ನಿಮಗೆ ಅಂತಲೇ ಜಾಗ ಇಟ್ಟಿದ್ದೇನೆ," ಎಂದು ಜಯಲತಾ ಕೈ ಚಾಚಿದಳು.

ಆ ಕೈಯನ್ನು ಹಿಡಿದುಕೊಂಡು ದ್ರೌಪದಿ ನಿಂತೇ ಇದ್ದಳು. ಸೇತುವೆಯ ಇಳಿಜಾರು ಕಣ್ಣ ಮುಂದೆ ಬಂತು. ಅಲ್ಲಿ ಜೀಪು ಬ್ರೇಕು ಹಾಕಿದಾಗ ಮೂರ್ತಿ, ಮಕ್ಕಳು, ಕಬ್ಬಿಣ, ಇಷ್ಟೂ ಭಾರ ಮುಂದಕ್ಕೆ ನುಗ್ಗುತ್ತದೆ. ಏರುವಾಗ ಬಳೆ ಕಳಚಿದರೆ ಹಿಂದೆ ಜನ ನಡೆದು ಬರುತ್ತಿರುತ್ತಾರೆ, ಇಳಿಯುವಾಗ ಕಳಚಿದರೆ ಕೆಳಗೆ ರಸ್ತೆಯಲ್ಲಿ ತರಕಾರಿ ಮಾರುವವರು ಕೂತಿರುತ್ತಾರೆ.

"ಅವರಿಗೆ ಕಿವಿ ಕೇಳಂಗಿಲ್ರಿ," ಅಂದಳು. ಅವಳ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಮೂರು ವರ್ಷ ಆತು. ಅವರ ಮಾತು ನಂಬಬ್ಯಾಡ್ರಿ. ಆ ಬಳಿ ಸೀಳೇತಿ."

 ಕೇಳಿಸದೆ ಇದ್ದವನು ಮಾನಪ್ಪ ಒಬ್ಬನೇ. ಅವನು ನಗುನಗುತ್ತ ಸುತ್ತಿಗೆಗೆ ಅಂಟಿದ ಕುಂಕುಮ ಒರೆಸುತ್ತಿದ್ದ. ತಲೆಯೆತ್ತಿದವನು ಒಂದೊಂದೇ ಮುಖ ನೋಡಿದ. ಕೊನೆಗೆ ಹೆಂಡತಿಯ ಮುಖಕ್ಕೆ ಬಂದು ನಿಂತ.

ಅವಳು ಹತ್ತಿರ ಹೋಗಿ, ಅವನ ಬೆರಳನ್ನು, ಬಳೆ ಗಾಡಿಯ ಮೂತಿಗೆ ಸೇರುವ ಕುತ್ತಿಗೆಯ ಮೇಲಿಟ್ಟು, ನಿಧಾನವಾಗಿ ತುಟಿ ಆಡಿಸಿ ಮತ್ತೊಮ್ಮೆ ಹೇಳಿದಳು.

"ಅಮ್ಮ, ಹೊರಡುವ ಹೊತ್ತಿಗೆ ಎಂತ ಮಾತಿದು," ಎಂದು ವಸಂತಕುಮಾರ ಶುರು ಮಾಡಿದ. ಮಾನಪ್ಪ ಕೈಯೆತ್ತಿ ತಡೆದ. ಉಳಿ ತೆಗೆದು ಬಣ್ಣ ಕೆರೆದ. ಹಸಿರಿನ ಕೆಳಗೆ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು, ತೊಗಟೆಯಂತೆ ಕಳಚಿ ಬಿತ್ತು. ತಳದಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಬಳೆಯ ಕುತ್ತಿಗೆಯನ್ನು ಬಳಸಿಕೊಂಡು ಹೋಗಿತ್ತು.

"ಹುಡುಗರನ್ನ ಇಳಸ್ರಿ," ಅಂದ. "ಮೂರ್ತೀನೂ ಇಳಸ್ರಿ."

ಎಲ್ಲ ಇಳಿಸಿಯಾದ ಮೇಲೆ ಟ್ರೇಲರಿನ ಮೂತಿಯನ್ನು ಚಪ್ಪಡಿಯ ಮೇಲೆ ಆನಿಸಿ, ದೊಡ್ಡ ಸುತ್ತಿಗೆಯಿಂದ ಹೊಡೆದ. ಎರಡನೆಯ ಏಟಿಗೇ ಬಳೆ ಮುರಿದು ಬಿತ್ತು. ಅದನ್ನೆತ್ತಿ ಬಿಸಿಲಿಗೆ ಹಿಡಿದ. ಮುರಿದ ಮೈಯೆಲ್ಲ ತುಕ್ಕು ಹಿಡಿದು ಕಪ್ಪಾಗಿತ್ತು. ಅಂಚಿನಲ್ಲಿ ಒಂದು ಉಗುರಿನಷ್ಟು ಅಗಲ ಮಾತ್ರ ಬೆಳ್ಳಗೆ ಹೊಳೆಯಿತು.

"ಕರೀದಷ್ಟೂ ಹಳೇದು," ಅಂದ. "ಹೊಳ್ಯೋದು ಈಗ ಮುರದಿದ್ದು. ಇಷ್ಟ ಹಿಡಕೊಂಡು ನಿಂತಿತ್ತು."

ಜಯಲತಾ ಮೊಮ್ಮಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. "ಹೋದ ವರ್ಷವೂ ಇವಳು ಇದರಲ್ಲೇ ಕೂತಿದ್ದಳು," ಅಂದಳು. "ಅದರ ಹಿಂದಿನ ವರ್ಷವೂ." ದ್ರೌಪದಿಯ ಕಡೆ ನೋಡಿದಳು. ಮೂರು ವರ್ಷ ಎಂದದ್ದು ಅವಳಿಗೂ ಕೇಳಿಸಿತ್ತು. 

ಶಾರದೆಯನ್ನು ಹೋಟೆಲಿನ ಟೆಂಪೋದಲ್ಲಿ ಏರಿಸಿದರು. ಮಕ್ಕಳು ಬರಿಗಾಲಲ್ಲಿ ನಡೆದರು. ಮಾನಪ್ಪನನ್ನು ಯಾರೂ ಬಯ್ಯಲಿಲ್ಲ, ಹವಾಲ್ದಾರ್ರೇ ಎಂದು ಯಾರೂ ಕರೆಯಲೂ ಇಲ್ಲ. ಗಂಡ ಹೆಂಡತಿ ಎಲ್ಲರಿಗಿಂತ ಹಿಂದೆ ಉಳಿದರು.

ಸೇತುವೆಯ ನೆತ್ತಿಗೆ ಬಂದಾಗ ಅವನು ಕೇಳಿದ, "ಮೂರು ವರ್ಷ ಅಂದೆಲ್ಲ, ನನಗ್ಯಾಕ ಹೇಳ್ಲಿಲ್ಲ?"

ಅವಳ ಬಳಿ ಉತ್ತರವಿತ್ತು: ಹೇಳಿದ್ದರೆ ಸುತ್ತಿಗೆ ಅಂದೇ ಅವನ ಕೈಬಿಡುತ್ತಿತ್ತು. ಆದರೆ ಅದು ತುಟಿ ಆಡಿಸಿ ತಿಳಿಸುವಷ್ಟು ಸಣ್ಣ ಮಾತಲ್ಲ, ಅವನಿಗೆ ಕೇಳಿಸುವಂತೆ ಹೇಳಬೇಕಾದರೆ ರಸ್ತೆಗೆಲ್ಲ ಕೇಳಿಸುವಂತೆ ಕೂಗಬೇಕಿತ್ತು. ಅಷ್ಟರಲ್ಲಿ ಹಿಂದಿನಿಂದ ನೀರಿನ ಟ್ಯಾಂಕರೊಂದು ಹಾರ್ನು ಒತ್ತುತ್ತ ಬಂತು. ಅವನು ತಿರುಗಲಿಲ್ಲ, ಸರಿಯಲೂ ಇಲ್ಲ, ಉತ್ತರಕ್ಕಾಗಿ ಅವಳ ತುಟಿಯನ್ನೇ ನೋಡುತ್ತಿದ್ದ. ಅವಳು ತೋಳು ಹಿಡಿದು ಕಟ್ಟೆಯ ಕಡೆಗೆ ಎಳೆದಳು. ಟ್ಯಾಂಕರಿನ ಗಾಳಿ ಸೆರಗನ್ನು ಹಾರಿಸಿಕೊಂಡು ಹೋಯಿತು.

ಅವಳು ಅವನ ಬಲಕ್ಕೆ, ಗಾಡಿಗಳು ಓಡುವ ಬದಿಗೆ ಬಂದಳು. ಮುಂದೆ ಇಳಿಜಾರಿನಲ್ಲಿ ಟೆಂಪೋ ಬ್ರೇಕು ಹಾಕುತ್ತ ಇಳಿಯುತ್ತಿತ್ತು. ಮತ್ತೊಂದು ಹಾರ್ನು ಕೇಳಿಸಿತು, ಇನ್ನೂ ದೂರವಿತ್ತು. ಅವಳು ಅವನ ತೋಳನ್ನು ಬಿಡಲಿಲ್ಲ.