ತಿರುಗುವ ಬಾಗಿಲಿಗೆ ಒಂದು ಪ್ರದಕ್ಷಿಣೆ

ಆ ಸೋಮವಾರ ಬೆಳಿಗ್ಗೆ ವಾಡಿ ಊರಿನ ಮೇಲೆ ಮೋಡವಿತ್ತು, ಮಳೆ ಇರಲಿಲ್ಲ. ರಾತ್ರಿಯ ತುಂತುರಿಗೆ ಸಿಮೆಂಟ್ ಕಾರ್ಖಾನೆಯ ಧೂಳು ನೆನೆದು ಬೇವಿನ ಎಲೆಗಳ ಮೇಲೆಲ್ಲ ವಿಭೂತಿಯಂತೆ ಕೂತಿತ್ತು. ಶ್ರಾವಣದ ಮೊದಲ ಸೋಮವಾರ. ಗಿಡಗಳೂ ಮಿಂದು ಮಡಿಯುಟ್ಟು ನಿಂತಂತೆ ಕಾಣುತ್ತಿದ್ದವು.

ಊರ ಹೊರಗಿನ ಸುಣ್ಣದ ಕಲ್ಲಿನ ಗಣಿಯ ಬಾಗಿಲಲ್ಲಿ ಅಂದು ಹೊಸ ಯಂತ್ರ ಕೆಲಸ ಶುರು ಮಾಡುವುದಿತ್ತು. ನಡುವೆ ಒಂದು ಕಬ್ಬಿಣದ ಕಂಬ, ಅದಕ್ಕೆ ಆಳೆತ್ತರದ ನಾಲ್ಕು ರೆಕ್ಕೆ, ನೆತ್ತಿಯ ಮೇಲೆ ಮೋಟಾರು. ಕಾವಲುಗಾರ ಪೀರಪ್ಪ ಗುಂಡಿ ಒತ್ತಿದರೆ ರೆಕ್ಕೆಗಳು ಗರ್ ಎಂದು ಅರ್ಧ ಸುತ್ತು ತಿರುಗಿ ಒಬ್ಬರನ್ನು ಒಳಗೆ ಬಿಡುತ್ತಿದ್ದವು, ಮೇಲಿನ ಪೆಟ್ಟಿಗೆಯಲ್ಲಿ ಅಂಕಿ ಒಂದು ಏರುತ್ತಿತ್ತು. ಹೊರಗೆ ಬರುವಾಗ ಉಲ್ಟಾ ತಿರುಗಿ ಅಂಕಿ ಒಂದು ಇಳಿಯುತ್ತಿತ್ತು. ಮಧ್ಯಾಹ್ನ ಕಲ್ಲು ಸಿಡಿಸುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಸೊನ್ನೆ ಇರಬೇಕು. ಸೊನ್ನೆ ಬರದೆ ಎಚ್ಚರಿಕೆಯ ಭೋಂಗಾ ಊದುವಂತಿಲ್ಲ, ಭೋಂಗಾ ಊದದೆ ಮದ್ದು ಸಿಡಿಸುವಂತಿಲ್ಲ. ಹಿಂದಿನ ವರ್ಷ ಒಬ್ಬ ಒಳಗೇ ನಿದ್ದೆ ಹೋಗಿ, ಹಾರಿದ ಕಲ್ಲಿಗೆ ಕಾಲು ಕೊಟ್ಟ ಮೇಲೆ ಬಂದ ಕಾಯಿದೆ ಅದು.

ಇಂಜಿನಿಯರ ಸಾಹೇಬರು ಮೈಸೂರು ಕಡೆಯವರು. ಯಂತ್ರಕ್ಕೆ ಪೂಜೆ ಬೇಡ ಎಂದಿದ್ದರು. ಪೂಜೆ ಕಾಣದ ಹೊಸ ಕಬ್ಬಿಣದೊಳಗೆ ಕಾಲಿಡಲು ಆಳುಗಳು ಒಪ್ಪಲಿಲ್ಲ. ಕೊನೆಗೆ ಭಾನುವಾರ ಸಂಜೆ ಊರ ಗುಡಿಯ ಅಯ್ನೋರು ಗುರುಲಿಂಗಯ್ಯನವರು ಬಂದು ನಾಲ್ಕೂ ರೆಕ್ಕೆಗೆ ವಿಭೂತಿ ಎಳೆದು, ಕಂಬಕ್ಕೆ ಬಿಲ್ವಪತ್ರಿ ಏರಿಸಿ, ಕಾಯಿ ಒಡೆದು ಹೋದರು. ಮೋಟಾರಿಗೂ ಒಂದು ಕುಂಕುಮದ ಬೊಟ್ಟು ಬಿತ್ತು. ಅಲ್ಲಿಗೆ ಅದು ಯಂತ್ರವಾಗಿ ಉಳಿಯಲಿಲ್ಲ. ಈ ಸಂಗತಿ ಸಾಹೇಬರೊಬ್ಬರಿಗೇ ತಿಳಿಯಲಿಲ್ಲ.

"ಒಬ್ಬರಿಗೆ ಒಂದೇ ಸಲ. ಯಂತ್ರದ ಜೊತೆ ಆಟ ಆಡಿದವರ ಪಾಸು ಕಿತ್ಕೋತೀನಿ," ಎಂದು ಬೆಳಿಗ್ಗೆ ಸಾರಿ ಅವರು ಆಫೀಸಿಗೆ ಹೋದರು.

ಎಲ್ಲರ ಹಿಂದೆ ಬಂದವಳು ಗುಂಡಮ್ಮ. ಇದೇ ಗಣಿಯಲ್ಲಿ ಕಲ್ಲು ಒಡೆದು ತೀರಿಹೋದವನ ಹೆಂಡತಿ. ಆಳುಗಳಿಗೆ ಕುಡಿಯುವ ನೀರು ಹೊತ್ತು ಹೊಟ್ಟೆ ಹೊರೆಯುವವಳು. ಅವಳು ಬಾಗಿಲ ಮುಂದೆ ಚಪ್ಪಲಿ ಬಿಟ್ಟಳು. ಕೊಡ ಕೆಳಗಿಳಿಸಿ ಕೈಮುಗಿದಳು.

"ಯವ್ವಾ, ಚಪ್ಪಲಿ ಹಾಕ್ಕೊಂಡೇ ಹೋಗಬೇಕ. ಇದು ಗೇಟ ಅದ, ಗುಡಿ ಅಲ್ಲ," ಅಂದ ಪೀರಪ್ಪ.

"ಗುಡಿ ಅಲ್ಲಂದ್ರ ಅಯ್ನೋರು ಕಾಯಿ ಯಾಕ ಒಡದಾರೊ? ಸೋಮವಾರ ಅದ. ಸುಮ್ ಹಾಯ್ದು ಹೋದ್ರ ಚಂದ ಇರ್ತದೇನು? ಗುಂಡಿ ಒತ್ತು."

ಕೊಡ ಹೊತ್ತು ರೆಕ್ಕೆಯ ಸಂದಿಯಲ್ಲಿ ನಿಂತಳು. ಪೀರಪ್ಪ ಒತ್ತಿದ. "ನ" ಎಂದಳು. ಒಳಬಾಗಿಲು ಬಂತು, ಇಳಿಯಲಿಲ್ಲ.

"ಇಳೀ ಯವ್ವಾ!"

"ಅರ್ಧಕ್ಕ ಬಿಡ್ತೀಯೇನು, ಪಾಪಿ? ಒತ್ತು."

ಬೇಡವೆನ್ನುವ ಧೈರ್ಯ ಪೀರಪ್ಪನಿಗೆ ಬರಲಿಲ್ಲ. ಒತ್ತಿದ. "ಮಃ." ಮತ್ತೆ ಒತ್ತಿದ. "ಶಿ." ಮತ್ತೆ. "ವಾ." ಮತ್ತೆ. "ಯ." ಎರಡೂವರೆ ಸುತ್ತಿಗೆ ಐದಕ್ಷರ ಮುಗಿದವು. ಗುಂಡಮ್ಮ ಬೆವರು ಒರೆಸಿಕೊಂಡು ಒಳಗಿಳಿದು ಹೋದಳು. ಪೆಟ್ಟಿಗೆಯ ಲೆಕ್ಕದಲ್ಲಿ ಐದು ಮಂದಿ ಹೋಗಿದ್ದರು.

ಮಧ್ಯಾಹ್ನ ಎಲ್ಲರೂ ಹೊರಬಂದರು. ಮದ್ದು ತುಂಬುವ ಬಾಬುಮಿಯಾ ಕೊನೆಗೆ ಬಂದ. ಪೆಟ್ಟಿಗೆ ನಾಲ್ಕು ಎಂದಿತು.

"ಒಳಗೆ ನಾಲ್ಕು ಜನ ಇದ್ದಾರೆ," ಎಂದರು ಸಾಹೇಬರು.

"ಯಾರೂ ಇಲ್ರಿ ಸಾಬ್. ಕಣ್ಣಾರೆ ನೋಡೇ ಬಂದೀನಿ," ಎಂದ ಬಾಬುಮಿಯಾ.

"ನಿನ್ನ ಕಣ್ಣು ತಪ್ಪಬಹುದು. ಇದು ತಪ್ಪೋದಿಲ್ಲ. ಹೋಗಿ ಹುಡುಕು."

ಬಾಬುಮಿಯಾ ಹುಡುಕಿ ಬಂದ. ಎರಡು ಆಡು ಸಿಕ್ಕವು. ಅವು ಬೇಲಿ ಹಾರಿ ಹೋದವು, ಯಂತ್ರವನ್ನು ಕೇಳದೆ. ಮತ್ತೊಮ್ಮೆ ಕಳಿಸಿದರು. ಅಷ್ಟರಲ್ಲಿ ಹೊರಗೆ ನಿಂತ ಮಂದಿಗೆ ಆ ನಾಲ್ವರ ಪರಿಚಯ ಆಗತೊಡಗಿತ್ತು.

"ತೆಂಗಳಿ ಕಡ್ಯಾವ್ರು ಇರಬೇಕ. ಮುಂಜಾನಿ ನೋಡೀನಿ, ಒಬ್ಬಾಂವ ಕುಂಟಾಕತ್ತಿದ್ದ."

"ಏ, ಅವ್ರು ಐನಾಪುರದವ್ರು. ಕೆಂಪು ರುಮಾಲ."

"ನನ್ನ ಕಡಿಂದ ಬೀಡಿ ಇಸ್ಕೊಂಡು ಹೋಗ್ಯಾರಲ್ಲೊ!"

ಸಾಹೇಬರು ಎಲ್ಲವನ್ನೂ ಗಂಭೀರವಾಗಿ ಬರೆದುಕೊಂಡರು. ಆಮೇಲೆ ಪೀರಪ್ಪನ ಕಡೆ ತಿರುಗಿದರು. "ಹೊರಗಿನವರನ್ನ ಒಳಗೆ ಬಿಟ್ಟಿದ್ದೀಯ. ಎಷ್ಟು ಜನ? ನಿಜ ಹೇಳು."

ಪೀರಪ್ಪ ಪೆಟ್ಟಿಗೆ ನೋಡಿದ. ದೂರದ ಬೇವಿನ ಬುಡದಲ್ಲಿ ಕೊಡದ ಪಕ್ಕ ಕೂತು, ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದ ಗುಂಡಮ್ಮನನ್ನು ನೋಡಿದ. ಹೇಳಿದರೆ ಅವಳ ಪಾಸು ಹೋಗುತ್ತದೆ. ಹೇಳದಿದ್ದರೆ ತನ್ನ ನೌಕರಿ. ಆರು ವರ್ಷ ಕಾದ ಮೇಲೆ ಬರುವ ತಿಂಗಳು ಅದು ಪಕ್ಕಾ ಆಗುವುದಿತ್ತು.

"ಗೊತ್ತಿಲ್ರಿ," ಅಂದ.

ಸಾಹೇಬರು ಅವನ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿ ತಮ್ಮ ಜೇಬಿಗೆ ಹಾಕಿಕೊಂಡರು. "ಸಂಜೆಯೊಳಗೆ ಆ ನಾಲ್ವರು ಸಿಗಬೇಕು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ಗದ್ದಲಕ್ಕೆ ಗುಂಡಮ್ಮ ಕಣ್ಣು ತೆರೆದು ಎದ್ದು ಬಂದಳು. "ಏನಾಗ್ಯದೊ?" ಎಂದು ಬಾಬುಮಿಯಾನನ್ನು ಕೇಳಿದಳು.

"ನಾಲ್ಕು ಮಂದಿ ಒಳಗ ಅದಾರಂತ, ಅಮ್ಮಾ. ಎರಡು ಸಲ ಹುಡುಕೀನಿ. ಇಲ್ಲದವ್ರನ್ನ ಎಲ್ಲಿಂದ ತರ್ಲಿ?"

ಗುಂಡಮ್ಮ ಬೆರಳು ಮಡಿಸಿ ಎಣಿಸಿದಳು. ಪೀರಪ್ಪನ ಬರಿದಾದ ಎದೆ ನೋಡಿದಳು. ನೆಟ್ಟಗೆ ಸಾಹೇಬರ ಮುಂದೆ ಹೋಗಿ ನಿಂತಳು.

"ಆ ನಾಲ್ಕೂ ನಾನೇ ಇದೀನ್ರಿ."

"ಏನಮ್ಮ?"

"ಐದಕ್ಷರ ಹೇಳ್ಕೋತ ಸುತ್ತಿದ್ದೆ. ಒಂದು ನಂದು. ಉಳಿದ ನಾಲ್ಕು ಶಿವಂದು. ಇಂವಂದೇನೂ ತಪ್ಪಿಲ್ಲ, ಬಡಪಾಯಿ. ಬೇಕಂದ್ರ ನನ್ನ ಪಾಸು ತಗೋರಿ."

ಕೆಂಪು ರುಮಾಲು ಕಂಡಿದ್ದವನು ಮೆಲ್ಲಗೆ ಗುಂಪಿನ ಹಿಂದೆ ಸರಿದ.

ಸಾಹೇಬರು ಪೆಟ್ಟಿಗೆಯ ನಾಲ್ಕನ್ನು ನೋಡಿದರು. ಪೀರಪ್ಪನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. "ಆಯ್ತು, ನಂಬಿದೆ. ಪಾಸು ಇಟ್ಕೊಮ್ಮ," ಎಂದರು. "ಆದರೆ ಪೆಟ್ಟಿಗೆಯಲ್ಲಿ ಸೊನ್ನೆ ಬರದೆ ಭೋಂಗಾ ಊದೋ ಹಾಗಿಲ್ಲ. ಕಾಯಿದೆ ನಂದೇ."

"ಹೊಳ್ಳಿ ಸುತ್ತಿದ್ರ ಇಳೀತದಲ್ರಿ?" ಎಂದ ಬಾಬುಮಿಯಾ.

ಗುಂಡಮ್ಮ ಹೌಹಾರಿದಳು. "ಉಲ್ಟಾ ಪ್ರದಕ್ಷಿಣಿ? ನೌಕರಿ ಉಳಸಾಕ ಹೋಗಿ ನರಕಕ್ಕ ಹೋಗ್ಲೇನು?"

ಸೋಮವಾರದ ಪತ್ರಿ ಏರಿಸಲು ಬಂದಿದ್ದ ಗುರುಲಿಂಗಯ್ಯನವರ ಕಡೆ ಎಲ್ಲರೂ ತಿರುಗಿದರು. ಅವರು ಗಡ್ಡ ನೀವಿಕೊಂಡರು. "ಶಿವನ ಗುಡ್ಯಾಗ ಅಭಿಷೇಕದ ನೀರು ಹರಿಯೋ ಜಾಗ ದಾಟಂಗಿಲ್ಲ. ಅಲ್ಲಿತನ ಹೋಗಿ ಹೊಳ್ಳಿ ಬರ್ತೀವಿ. ಶಿವಗ ಉಲ್ಟಾ ನಡೀತದ, ತಂಗಿ. ಭಾಳ ದೊಡ್ಡ ಮನಸ್ಸಿನಾಂವ."

ಗುಂಡಮ್ಮ ಮತ್ತೆ ಚಪ್ಪಲಿ ಬಿಟ್ಟಳು. ಸಾಹೇಬರೇ ಗುಂಡಿಯ ಹತ್ತಿರ ನಿಂತರು. ಒತ್ತಿದರು. "ಯ." ಮೂರು. "ವಾ." ಎರಡು. "ಶಿ." ಒಂದು. "ಮಃ." ಸೊನ್ನೆ. ಎರಡು ಸುತ್ತು ತಿರುಗಿ ಅವಳು ಹೊರಗೇ ಇಳಿದಳು.

ಭೋಂಗಾ ಊದಿತು. ಬಾಬುಮಿಯಾ ಮದ್ದು ಸಿಡಿಸಲು ಬೇಲಿಯ ಹೊರಗಿನ ಮರೆಗೆ ಹೋದ. ಸ್ವಲ್ಪ ಹೊತ್ತಿಗೆ ನೆಲ ಗುಡುಗಿ, ಬಿಳಿ ಧೂಳು ಎದ್ದು ಸಾಹೇಬರ ತಲೆ, ಹಣೆ, ತೋಳುಗಳ ಮೇಲೆಲ್ಲ ಇಳಿಯಿತು.

ಆಳುಗಳು ಸಾಲು ಹಿಡಿದರು. ಪೀರಪ್ಪ ಬಾಗಿಲಿನಿಂದ ದೂರ, ಎಲ್ಲಿ ನಿಲ್ಲಬೇಕೆಂದು ತಿಳಿಯದವನಂತೆ ನಿಂತಿದ್ದ. ಸಾಹೇಬರು ಅವನ ಹತ್ತಿರ ಬಂದರು. ಜೇಬಿನಿಂದ ಬಿಲ್ಲೆ ತೆಗೆದು ಅಂಗಿಯ ತುದಿಯಿಂದ ಧೂಳು ಒರೆಸಿದರು. ಅವನ ಅಂಗೈಯಲ್ಲಿ ಇಟ್ಟು, ಬೆರಳು ಮಡಿಸಿ, ಆಫೀಸಿನ ಕಡೆ ನಡೆದರು.